'ನಿಲ್ಲು ಮಾರಾಯ' ಎನ್ನುವ ಗೆಳೆಯ



ಕಾಸರಗೋಡು, ಮಂಗಳೂರು ಕಡೆಯ ಹಳೆಯ ಮನೆಗಳ ಮಾಡಿನಲ್ಲಿ ಬಾಸೆಲ್ ಮಿಶನ್ ಹೆಸರು ಅಚ್ಚೊತ್ತಿದ ಹೆಂಚುಗಳನ್ನು ನಾವು ನೋಡಿದ್ದೇವೆ. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಆ ಹೆಂಚಿನ ಕಾರ್ಖಾನೆ ಮೊದಲನೆಯ ಮಹಾಯುದ್ಧದ ದೆಸೆಯಿಂದ ಮಿಶನ್ನಿನ ಕೈತಪ್ಪಿತು. ಇಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಯುರೋಪಿನ ಜಗಳ ನಮ್ಮ ಊರಿನ ಹೆಂಚಿನವರೆಗೆ ಬಂದದ್ದು ಹೇಗೆ?

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜ ಮತ್ತು ಅವನ ಪತ್ನಿಯ ಕೊಲೆಯಾಯಿತು. ಆಸ್ಟ್ರಿಯಾ ಸೆರ್ಬಿಯಾದ ಮೇಲೆ ಕೆರಳಿತು. ಏನೇ ಮಾಡಿದರೂ ನಿನ್ನ ಬೆನ್ನಿಗಿದ್ದೇವೆ ಎಂದು ಜರ್ಮನಿ ಭರವಸೆ ಕೊಟ್ಟಿತು. ಜುಲೈ 28ಕ್ಕೆ ಆಸ್ಟ್ರಿಯಾ ಯುದ್ಧ ಸಾರಿತು. ಸೆರ್ಬಿಯಾದ ಪರವಾಗಿ ರಷ್ಯಾ ಸೇನೆ ಸಜ್ಜುಗೊಳಿಸಿತು. ರಷ್ಯಾದ ಮಿತ್ರ ಫ್ರಾನ್ಸ್. ಇಬ್ಬರ ನಡುವೆ ಸಿಕ್ಕಿಬೀಳುವ ಭಯದಿಂದ ಜರ್ಮನಿ ಆಗಸ್ಟ್ 1ರಂದು ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಸಾರಿ, 4ರಂದು ಬೆಲ್ಜಿಯಂಗೆ ನುಗ್ಗಿತು. ಅದೇ ದಿನ ಬ್ರಿಟನ್ ಕೂಡ ಇಳಿಯಿತು. ಬ್ರಿಟನ್ನಿನ ಕೈಕೆಳಗಿದ್ದ ಭಾರತವನ್ನು ಯಾರೂ ಕೇಳಲಿಲ್ಲ. ನಮ್ಮ ದೇಶದ ಸುಮಾರು 74,000 ಸೈನಿಕರು ಪ್ರಾಣ ಕಳೆದುಕೊಂಡರು.

ಒಪ್ಪಂದಗಳಿದ್ದವು, ಆದ್ದರಿಂದ ಯುದ್ಧ ತಪ್ಪಿಸಲಾಗಲಿಲ್ಲ ಎನ್ನುವವರುಂಟು. ನಾವು ಅದನ್ನು ಒಪ್ಪುವುದಿಲ್ಲ. ಇಟಲಿಯೂ ಜರ್ಮನಿ, ಆಸ್ಟ್ರಿಯಾಗಳ ಜೊತೆ ಒಪ್ಪಂದದಲ್ಲಿತ್ತು. ಆದರೆ ಅದು ರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದ, ದಾಳಿಗಲ್ಲ ಎಂದು ಹೇಳಿ 1914ರಲ್ಲಿ ದೂರ ನಿಂತಿತು. ಮರುವರ್ಷ ತನ್ನ ಲಾಭ ನೋಡಿ ಎದುರು ಪಕ್ಷ ಸೇರಿತು ನಿಜ. ಆದರೂ 'ಬೇಡ' ಎನ್ನಲು ದಾರಿ ಇತ್ತೆಂಬುದು ಸ್ಪಷ್ಟ. ಹಿಂದೆ ಸರಿದರೆ ಹೇಡಿ ಎನ್ನುತ್ತಾರೆ, ಇರುವ ಗೆಳೆಯನೂ ಕೈಬಿಡುತ್ತಾನೆ ಎಂಬ ಭಯ ಉಳಿದವರಿಗೆ ಆ ದಾರಿಯನ್ನು ಮುಚ್ಚಿತು.

ಆ ವರ್ಷ ಕ್ರಿಸ್ಮಸ್ ದಿನವಾದರೂ ಬಂದೂಕು ಸುಮ್ಮನಿರಲಿ ಎಂದು 15ನೆಯ ಬೆನೆಡಿಕ್ಟ್ ಪೋಪರು ಬೇಡಿಕೊಂಡರು. ಸರಕಾರಗಳು ಕೇಳಲಿಲ್ಲ. ಆದರೂ ಕೆಲವೆಡೆ ಸೈನಿಕರೇ ಕಂದಕಗಳಿಂದ ಮೇಲೆ ಬಂದು ಎದುರಾಳಿಯ ಕೈಕುಲುಕಿದರು. ಎರಡೂ ಕಡೆ ಇದ್ದವರು ಅದೇ ಕ್ರಿಸ್ತನ ಜನನವನ್ನು ಆಚರಿಸುತ್ತಿದ್ದರು!

ಇಂದೂ ಯುದ್ಧದ ಸುದ್ದಿ ಬಂದಾಗ ಮೊಬೈಲಿನಲ್ಲಿ ನಾವು ಮೊದಲು ಹುಡುಕುವುದು, ನಮ್ಮವರು ಯಾರು ಎಂದು. ಯುವಕರ ನಡುವಿನ ಸಣ್ಣ ಜಗಳದಲ್ಲೂ ಹಾಗೆಯೇ. ಸಿಟ್ಟಿನಲ್ಲಿದ್ದವನಿಗೆ 'ನಾವಿದ್ದೇವೆ, ನುಗ್ಗು' ಎನ್ನುವುದು ಸುಲಭ. ಕೈಹಿಡಿದು 'ನಿಲ್ಲು ಮಾರಾಯ, ಮೊದಲು ಮಾತಾಡು' ಎನ್ನಲು ಹೆಚ್ಚು ಧೈರ್ಯ ಬೇಕು. ಅಷ್ಟು ಧೈರ್ಯವಿರುವ ಒಬ್ಬ ಮಿತ್ರ ಆ ಜುಲೈಯಲ್ಲಿ ಆಸ್ಟ್ರಿಯಾಕ್ಕೆ ಇರಲಿಲ್ಲ. ನಮ್ಮ ಗೆಳೆಯರಿಗೆ ನಾವು ಅಂಥವರಾಗೋಣ.