ಹೊಸ ರೈಡರ್‌ಗೆ ಕ್ಯಾಚಿಂಗ್ ಕೂಡ ಬೇಕು

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನು ಮಣಿಸಿತು. ಅಂದು ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದ್ದರು. ಅಂಥ ಆಟ ಕಂಡ ಮೇಲೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂತಹ ಊರಿನ ಹುಡುಗರೂ ರೈಡರ್ ಆಗಬೇಕೆಂದೇ ಹಂಬಲಿಸಿದರೆ ಅಚ್ಚರಿಯಿಲ್ಲ.

ಆದರೆ ರೈಡ್ ಎಂಬುದು 30 ಸೆಕೆಂಡುಗಳ ಕೆಲಸ. ಎದುರಾಳಿಯ ಸರದಿ ಬಂದಾಗ ಅದೇ ರೈಡರ್ ರಕ್ಷಣಾ ಸಾಲಿನಲ್ಲಿ ನಿಲ್ಲಬೇಕು. ಪಕ್ಕದವನ ಕೈಹಿಡಿದು ಸರಪಳಿ ಕಾಯಬೇಕು. ಮೂಲೆಯ ಆಟಗಾರ ಕಾಲು ಹಿಡಿದ ಕ್ಷಣವೇ ಮೇಲೆರಗಿ ಆಸರೆಯಾಗಬೇಕು. ಹೊಸಬ ಎಡವುವುದು ಇಲ್ಲಿಯೇ. ಆತುರಪಟ್ಟು ಮುನ್ನುಗ್ಗಿ ಹಿಡಿತ ತಪ್ಪಿದರೆ ಎದುರಾಳಿಗೆ ಅಂಕ, ತನಗೆ ಬೆಂಚು. ಒಂದೇ ತಪ್ಪಿಗೆ ತಂಡವು ಅಂಕವನ್ನೂ ರೈಡರನ್ನೂ ಕಳೆದುಕೊಳ್ಳುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲೂ ಅಳತೆಗೋಲು ಇಂಥದೇ. ಚೆಂಡು ಹಿಡಿದು ಓಡುವ ಹೊಸ ಆಟಗಾರ, ಚೆಂಡೆಸೆಯುವ ಸಂಗಾತಿಗೆ ಕಾವಲು ನಿಲ್ಲುವುದನ್ನು ಕಲಿಯುವವರೆಗೆ ನಿರ್ಣಾಯಕ ಹೊತ್ತಿನಲ್ಲಿ ಆತನನ್ನು ಕಣಕ್ಕಿಳಿಸಲು ಕೋಚ್‌ಗಳು ಹಿಂಜರಿಯುತ್ತಾರೆ.

ಕನ್ನಡಿಗ ಬಿ.ಸಿ. ರಮೇಶ್ ತರಬೇತಿಯ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಪ್ರೊ ಕಬಡ್ಡಿ ಕಿರೀಟ ಧರಿಸಿತು. ನಾಯಕ ಅಸ್ಲಂ ಇನಾಮದಾರ್ ರೈಡ್, ಟ್ಯಾಕಲ್ ಎರಡನ್ನೂ ಬಲ್ಲ ಆಲ್‌ರೌಂಡರ್. ಆ ಆವೃತ್ತಿಯ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಯೂ ಅವರಿಗೇ ಸಂದಿತು.

ಆದ್ದರಿಂದ ಆಯ್ಕೆಗೆ ಬಂದ ಹುಡುಗನ ಟಚ್ ಪಾಯಿಂಟ್ ಎಣಿಸುವವರು, ಎದುರಾಳಿ ರೈಡ್‌ಗೆ ಬಂದಾಗ ಆತ ಎಲ್ಲಿ ನಿಂತಿದ್ದ, ಯಾರಿಗೆ ಆಸರೆಯಾದ ಎಂಬುದನ್ನೂ ಬರೆದಿಟ್ಟುಕೊಳ್ಳಲಿ. ತಂಡದಲ್ಲಿ ಆತನ ಸ್ಥಾನ ಉಳಿಯುವುದು ಅದರಿಂದಲೇ.