ಅಕ್ಷರವೊಂದರ ಅಂತರ

ಕಾರವಾರದಿಂದ ಅಂಕೋಲೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹಟ್ಟಿಕೇರಿ ಎಂಬ ಊರಿದೆ. ‘ಹಟ್ಟಿ’, ‘ಕೇರಿ’ ಎಂಬ ಎರಡೂ ಶಬ್ದಗಳು ಕನ್ನಡಿಗರಿಗೆ ಚಿರಪರಿಚಿತವಾದವು. ದನಕರುಗಳನ್ನು ಕಟ್ಟುವ ಕೊಟ್ಟಿಗೆಗೂ ಜನವಸತಿಗೂ ಹಟ್ಟಿಯೆಂಬ ಹೆಸರುಂಟು. ಕನ್ನಡ ಲಿಪಿಯಲ್ಲಿ ಈ ಹೆಸರನ್ನು ಓದುವವನಿಗೆ ಯಾವ ಸಂದೇಹವೂ ಹುಟ್ಟದು. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಪರಸ್ಥಳದವನು ಅದನ್ನು ‘ಹತ್ತಿಕೇರಿ’ ಎಂದೂ ಓದಬಹುದು. ಟಕಾರಕ್ಕೂ ತಕಾರಕ್ಕೂ ಇಂಗ್ಲಿಷಿನಲ್ಲಿ ಬಳಕೆಯಾಗುವುದು ಒಂದೇ ಅಕ್ಷರ. ಹೀಗಾಗಿ ದನಕರುಗಳ ಹಟ್ಟಿಯು ಕ್ಷಣಮಾತ್ರದಲ್ಲಿ ಅರಳೆಯ ಹತ್ತಿಯಾಗಿಬಿಡುತ್ತದೆ.

ಕನ್ನಡದ ನುಡಿಗೆ ಇಂಗ್ಲಿಷ್ ಲಿಪಿ ಸಾಲದೆ ಬರುವಂತೆಯೇ ಇಂಗ್ಲಿಷಿನ ನುಡಿಗೆ ಕನ್ನಡ ಲಿಪಿಯೂ ಸಾಲದೆ ಬರುತ್ತದೆ. ಕನ್ನಡದಲ್ಲಿ ‘ಕಾಸ್ಟ್’ ಎಂದು ಬರೆದರೆ ಅದು ಯಾವ ಶಬ್ದ? ಸಿ-ಓ-ಎಸ್-ಟಿ ಎಂದರೆ ಬೆಲೆ. ಸಿ-ಎ-ಎಸ್-ಟಿ ಎಂದರೆ ಎಸೆಯುವುದು, ಎರಕ ಹೊಯ್ಯುವುದು ಅಥವಾ ನಾಟಕದ ಪಾತ್ರವರ್ಗ. ಅದಕ್ಕೇ ಕೊನೆಯಲ್ಲಿ ಒಂದು ‘ಇ’ ಸೇರಿದರೆ ಜಾತಿ. ಈ ಮೂರನ್ನೂ ಕನ್ನಡ ಲಿಪಿ ಒಂದೇ ರೂಪದಲ್ಲಿ ತೋರಿಸುತ್ತದೆ. ಮೊದಲನೆಯ ಶಬ್ದದ ಸ್ವರವನ್ನು ಬರೆಯಲು ಕನ್ನಡದಲ್ಲಿ ಬೇರೊಂದು ಚಿಹ್ನೆ ಇಲ್ಲದಿರುವುದೇ ಇದಕ್ಕೆ ಕಾರಣ. ‘ಬರ್ತ್’ ಎಂಬುದೂ ಹೀಗೆಯೇ. ಬಿ-ಐ-ಆರ್-ಟಿ-ಎಚ್ ಎಂದರೆ ಜನನ. ಎರಡನೆಯ ಅಕ್ಷರ ‘ಇ’ ಆದರೆ ರೈಲಿನಲ್ಲಿ ಮಲಗುವ ಜಾಗ, ಅಥವಾ ಕಾರವಾರದಂತಹ ಬಂದರಿನಲ್ಲಿ ಹಡಗು ಬಂದು ನಿಲ್ಲುವ ತಾಣ. ಪ್ರತಿಯೊಂದು ಲಿಪಿಯೂ ತನ್ನ ಭಾಷೆಗೆ ನಿಷ್ಠವಾಗಿರುತ್ತದೆ; ಪರಭಾಷೆಗೆ ಅದು ಅತಿಥಿ ಮಾತ್ರ. ಈ ತತ್ತ್ವವನ್ನು ಅರಿಯದ ವಿದ್ಯಾರ್ಥಿ ಕಿವಿಯಿಂದ ಕೇಳಿದ ಇಂಗ್ಲಿಷನ್ನು ಕೇಳಿದಂತೆಯೇ ಬರೆಯಲು ಹೊರಡುತ್ತಾನೆ. ಎಡವಿದಾಗ ತನ್ನ ಬುದ್ಧಿಯೇ ಮಂದವೆಂದು ಕುಗ್ಗುತ್ತಾನೆ. ಕುಗ್ಗಬೇಕಾದ ಕಾರಣವೇನೂ ಇಲ್ಲ. ನುಡಿದಂತೆ ಬರೆಯುವ ಭಾಷೆಯಲ್ಲಿ ಬೆಳೆದವನಿಗೆ ನುಡಿಯುವುದೊಂದು, ಬರೆಯುವುದೊಂದು ಆಗಿರುವ ಭಾಷೆ ಸೋಜಿಗವಾಗಿ ತೋರುವುದು ಸಹಜವೇ.

ಇಂಗ್ಲಿಷಿನ ಈ ಸ್ಥಿತಿಗೆ ಚಾರಿತ್ರಿಕ ಕಾರಣಗಳಿವೆ. ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಮುದ್ರಣವು ಹರಡಿದಂತೆ ಶಬ್ದಗಳ ಬರಹರೂಪಗಳು ಕ್ರಮೇಣ ಗಟ್ಟಿಗೊಂಡವು. ಆದರೆ ಅದೇ ಶತಮಾನಗಳಲ್ಲಿ ಜನರ ಉಚ್ಚಾರಣೆ, ಅದರಲ್ಲಿಯೂ ದೀರ್ಘಸ್ವರಗಳ ಉಚ್ಚಾರಣೆ, ಬಹಳವಾಗಿ ಬದಲಾಗುತ್ತಿತ್ತು. ಕಡಲು ಎಂಬರ್ಥದ ಎಸ್-ಇ-ಎ ಮತ್ತು ನೋಡು ಎಂಬರ್ಥದ ಎಸ್-ಇ-ಇ ಇಂದು ಕಿವಿಗೆ ಒಂದೇ. ಹಿಂದೆ ಅವುಗಳ ಉಚ್ಚಾರಣೆ ಬೇರೆ ಬೇರೆಯಾಗಿತ್ತು. ನಾಲಗೆ ಮುಂದೆ ನಡೆಯಿತು, ಲೇಖನಿ ಹಿಂದೆ ಉಳಿಯಿತು. ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು 1755ರಲ್ಲಿ ಪ್ರಕಟವಾಗುವ ವೇಳೆಗೆ ಈ ಹಳೆಯ ರೂಪಗಳು ಬಹುಮಟ್ಟಿಗೆ ಸ್ಥಿರವಾಗಿದ್ದವು.

ಇಂತಹ ಅನುಭವ ಕನ್ನಡಕ್ಕೂ ಹೊಸದಲ್ಲ. ಹಳಗನ್ನಡದಲ್ಲಿ ಳಕಾರವಲ್ಲದೆ ‘ೞ’ ಎಂಬ ಇನ್ನೊಂದು ಅಕ್ಷರವೂ ಇತ್ತು. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ಜನರ ನಾಲಗೆಯಲ್ಲಿ ಈ ಎರಡು ಧ್ವನಿಗಳ ಭೇದ ಅಳಿಯುತ್ತ ಬಂದಾಗ ಬರಹದಲ್ಲಿ ಗೊಂದಲ ತಲೆದೋರಿತು. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಹೆಸರಿಸಿ ಹೇಳಬೇಕಾಯಿತು. ಇಂದಿನ ವಿದ್ಯಾರ್ಥಿ ಇಂಗ್ಲಿಷಿನ ಸಮಾನರೂಪದ ಶಬ್ದಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪಡುವ ಪಾಡನ್ನು ಅಂದಿನ ಕನ್ನಡಿಗರೂ ಪಟ್ಟಿದ್ದರು. ಒಂದೇ ವ್ಯತ್ಯಾಸವೆಂದರೆ, ಕನ್ನಡವು ಧ್ವನಿ ಹೋದಮೇಲೆ ಅಕ್ಷರವನ್ನೂ ಬಿಟ್ಟುಕೊಟ್ಟಿತು. ಇಂಗ್ಲಿಷು ಧ್ವನಿ ಹೋದರೂ ಅಕ್ಷರವನ್ನು ಉಳಿಸಿಕೊಂಡಿತು. ಹಾಗೆ ಉಳಿಸಿಕೊಂಡುದರಿಂದ ಕಲಿಯುವವನಿಗೆ ಕಷ್ಟ ಹೆಚ್ಚಾಯಿತೆಂಬುದು ನಿಜ. ಆದರೆ ಓದುವವನಿಗೆ ಒಂದು ಉಪಕಾರವೂ ಆಯಿತು. ಕಿವಿಗೆ ತಿಳಿಯದ ಅರ್ಥಭೇದ ಕಣ್ಣಿಗೆ ತಿಳಿಯುವಂತಾಯಿತು.

ಒಂದು ಅಕ್ಷರ ಆಚೀಚೆಯಾದರೆ ಪ್ರಮಾದವೇನು ಎಂದು ಕೇಳುವವರಿದ್ದಾರೆ. ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗಬಹುದು, ಅಷ್ಟೇ ಎಂದು ಅವರ ಭಾವನೆ. ಆದರೆ ಶಾಲೆಯ ಹೊಸ್ತಿಲನ್ನು ದಾಟಿದ ಮೇಲೆ ಅಕ್ಷರದ ಬೆಲೆ ಅಂಕಗಳಲ್ಲಿ ತೀರುವುದಿಲ್ಲ. ಸಾಲದ ಪತ್ರದಲ್ಲಿ ‘ಪ್ರಿನ್ಸಿಪಲ್’ ಎಂಬ ಶಬ್ದ ಬರುತ್ತದೆ. ಅದರ ಕೊನೆ ಪಿ-ಎ-ಎಲ್ ಆಗಿದ್ದರೆ ಅಸಲು. ಕಾಲೇಜಿನ ಪ್ರಾಚಾರ್ಯರಿಗೂ ಇದೇ ಶಬ್ದ. ಕೊನೆ ಪಿ-ಎಲ್-ಇ ಆಗಿದ್ದರೆ ತತ್ತ್ವ. ಅಸಲಿಗೂ ಬಡ್ಡಿಗೂ ಇರುವ ಭೇದವನ್ನು ತಿಳಿಯಬೇಕಾದವನು ಮೊದಲು ಅಸಲೆಂಬ ಶಬ್ದವನ್ನೇ ಗುರುತಿಸಬೇಕಷ್ಟೆ? ಕರಾವಳಿಯ ಮಗುವಿಗೆ ‘ವೇವ್’ ಎಂದೊಡನೆ ಅಲೆ ನೆನಪಾಗುತ್ತದೆ. ಆದರೆ ಅದರ ನಡುವೆ ಒಂದು ‘ಐ’ ಸೇರಿದರೆ ಹಕ್ಕನ್ನು ಬಿಟ್ಟುಕೊಡುವುದು ಎಂದರ್ಥ. ಸಾಲ ಮನ್ನಾ ಮಾಡುವಲ್ಲಿ ಬರುವುದೂ ಇದೇ ಶಬ್ದ. ಕಾಗದದಲ್ಲಿ ಅದು ಸಾಲಗಾರನ ಪರವಾಗಿ ಬಂದಿದೆಯೋ, ಅವನ ಹಕ್ಕಿಗೆ ವಿರುದ್ಧವಾಗಿ ಬಂದಿದೆಯೋ ಎಂಬುದನ್ನು ತಿಳಿಯದೆ ಸಹಿ ಮಾಡುವುದು ಅಪಾಯಕರ.

ಕಾರವಾರ ಮತ್ತು ಅಂಕೋಲೆಯ ಕರಾವಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ 1986ರಲ್ಲಿ ಶಂಕುಸ್ಥಾಪನೆಯಾದ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ನೆಲವನ್ನೂ ಮನೆಯನ್ನೂ ಬಿಟ್ಟುಕೊಟ್ಟವು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆಯಿತು. ಹೆದ್ದಾರಿ ಅಗಲವಾಯಿತು. ಭೂಸ್ವಾಧೀನ, ಪರಿಹಾರ, ನೌಕರಿ, ವಿಮೆ ಇವುಗಳ ಕಾಗದಪತ್ರಗಳಲ್ಲಿ ಇಂಗ್ಲಿಷು ಒಂದಿಲ್ಲೊಂದು ಕಡೆ ತಲೆಹಾಕದೆ ಇರುವುದಿಲ್ಲ. ಅಂತಹ ಕಾಗದವನ್ನು ಹಿಡಿದು ಬಂದ ಹಿರಿಯರು ಮನೆಯಲ್ಲಿ ಓದು ಕಲಿತ ಮಗುವಿನ ಮುಖವನ್ನೇ ನೋಡುತ್ತಾರೆ. ‘ಅಕ್ಸೆಪ್ಟ್’ ಎಂದರೆ ಒಪ್ಪುವುದು, ‘ಎಕ್ಸೆಪ್ಟ್’ ಎಂದರೆ ಹೊರತುಪಡಿಸುವುದು ಎಂಬುದನ್ನು ಆ ಮಗು ಖಚಿತವಾಗಿ ಹೇಳಬಲ್ಲುದಾದರೆ ಅದರ ವಿದ್ಯೆ ಮನೆಗೆ ದೀಪವಾದಂತೆ. ಕಾಗದಪತ್ರಗಳೆಲ್ಲವೂ ಕನ್ನಡದಲ್ಲಿಯೇ ಇರತಕ್ಕದ್ದೆಂಬ ವಾದ ನ್ಯಾಯವಾದುದೇ. ಆದರೆ ಆ ನ್ಯಾಯ ದೊರೆಯುವವರೆಗೆ ಅಜ್ಞಾನದಲ್ಲಿ ಕುಳಿತಿರುವುದು ಜಾಣತನವಲ್ಲ.

ಯಂತ್ರಗಳೇ ತಪ್ಪನ್ನು ತಿದ್ದುವ ಈ ಕಾಲದಲ್ಲಿ ಕಾಗುಣಿತದ ಚಿಂತೆ ಏಕೆಂಬ ಆಕ್ಷೇಪವೂ ಉಂಟು. ಗಣಕಯಂತ್ರವು ನಿಘಂಟಿನಲ್ಲಿ ಇಲ್ಲದ ಶಬ್ದವನ್ನು ಕಂಡಾಗ ಕೆಂಪು ಗೆರೆ ಎಳೆದು ಎಚ್ಚರಿಸುತ್ತದೆ, ನಿಜ. ಆದರೆ ಅಸಲೆಂದು ಬರೆಯಬೇಕಾದಲ್ಲಿ ತತ್ತ್ವವೆಂದು ಬರೆದರೆ ಎರಡೂ ನಿಘಂಟಿನಲ್ಲಿರುವ ಶಬ್ದಗಳೇ. ಅನೇಕ ವೇಳೆ ಯಂತ್ರ ಸುಮ್ಮನಿರುತ್ತದೆ. ಬರೆಯುವವನ ಮನಸ್ಸಿನಲ್ಲಿ ಇದ್ದ ಅರ್ಥ ಯಾವುದೆಂಬುದು ಬರೆಯುವವನಿಗೇ ತಿಳಿದಿರಬೇಕು.

ಹಾಗಾದರೆ ಇವುಗಳನ್ನು ಕಲಿಯುವ ಬಗೆ ಹೇಗೆ? ಜೋಡಿಶಬ್ದಗಳ ಉದ್ದವಾದ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭದ ದಾರಿಯೆಂದು ತೋರುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಜೋಡಿಯ ಎರಡೂ ಶಬ್ದಗಳು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತವೆ. ಶಬ್ದವನ್ನು ಒಂಟಿಯಾಗಿ ಕಲಿಯದೆ ವಾಕ್ಯದಲ್ಲಿ ಕಲಿಯುವುದು ಮೇಲು. ಅದರ ಹುಟ್ಟನ್ನು ತಿಳಿದರೆ ಇನ್ನೂ ಮೇಲು. ‘ಸ್ಟೇಷನರಿ’ ಎಂಬ ಶಬ್ದವನ್ನು ನೋಡಬಹುದು. ಕೊನೆಯಲ್ಲಿ ಎ-ಆರ್-ವೈ ಬಂದರೆ ನಿಂತಲ್ಲೇ ನಿಂತಿರುವ ಎಂದರ್ಥ. ಇ-ಆರ್-ವೈ ಬಂದರೆ ಕಾಗದ, ಲೇಖನಿ ಮೊದಲಾದ ಬರವಣಿಗೆಯ ಸಾಮಗ್ರಿ. ಹಿಂದೆ ಯುರೋಪಿನಲ್ಲಿ ಊರೂರು ತಿರುಗಿ ಮಾರುವವರ ನಡುವೆ, ಒಂದೇ ಕಡೆ ಅಂಗಡಿ ಹೂಡಿ ಪುಸ್ತಕ ಮಾರುವವನಿಗೆ ‘ಸ್ಟೇಷನರ್’ ಎಂಬ ಹೆಸರು ಬಂದಿತು. ಅವನು ಮಾರುವ ಸರಕೇ ‘ಸ್ಟೇಷನರಿ’. ಈ ಕಥೆಯನ್ನು ಒಮ್ಮೆ ಕೇಳಿದವನು ಅಂಗಡಿಯವನ ‘ಇ’ಯನ್ನು ಮರೆಯಲಾರನು.

ಪರಭಾಷೆಯ ಅಕ್ಷರಕ್ಕೆ ತೋರುವ ಈ ಎಚ್ಚರ ತನ್ನ ಭಾಷೆಗೂ ಸಲ್ಲಬೇಕು. ಇಂಗ್ಲಿಷಿನಲ್ಲಿ ತಪ್ಪಾದರೆ ನಾಚುವ ಹಲವರು ಕನ್ನಡದಲ್ಲಿ ತಪ್ಪಾದರೆ ನಕ್ಕು ಸುಮ್ಮನಾಗುತ್ತಾರೆ. ಮೀನುಗಾರನು ಕಡಲಿಗೆ ಬೀಸುವುದು ಬಲೆ, ಹೆಣ್ಣುಮಕ್ಕಳು ಕೈಗೆ ತೊಡುವುದು ಬಳೆ, ಅಲೆಯನ್ನು ಅಳೆಯಲಾಗದು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಇಂತಹ ಸೂಕ್ಷ್ಮಭೇದಗಳನ್ನೆಲ್ಲ ಶ್ರಮಪಟ್ಟು ಅರಿತುಕೊಂಡರು. ಅವರು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡವೂ ಇಂಗ್ಲಿಷೂ ಅವರಿಗೆ ಮಾತೃಭಾಷೆಗಳಾಗಿರಲಿಲ್ಲ. ಅಷ್ಟು ದೂರದಿಂದ ಬಂದವರಿಗೆ ಸಾಧ್ಯವಾದುದು ಇಲ್ಲಿಯೇ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಅಸಾಧ್ಯವೆನ್ನುವುದು ಹೇಗೆ?

ಅಕ್ಷರದ ವಿಷಯದಲ್ಲಿ ಎಚ್ಚರವಾಗಿರುವುದು ಪಾಂಡಿತ್ಯದ ಪ್ರದರ್ಶನವಲ್ಲ. ಓದುವವನಿಗೆ ತೋರುವ ಗೌರವ. ಬರೆದ ಮಾತು ಬರೆದವನ ಬೆನ್ನಹಿಂದೆ ತಾನೊಂದೇ ನಡೆದುಹೋಗಿ ಇನ್ನೊಬ್ಬರ ಕೈಸೇರುತ್ತದೆ. ಅಲ್ಲಿ ಅದರ ಪರವಾಗಿ ವಾದಿಸಲು ಬರೆದವನು ಇರುವುದಿಲ್ಲ. ತಾನು ಹೇಳಬೇಕೆಂದುದನ್ನೇ ಅದು ಹೇಳಬೇಕಾದರೆ, ಅದನ್ನು ಕಳುಹಿಸುವ ಮುನ್ನ ಒಂದೊಂದು ಅಕ್ಷರವನ್ನೂ ಸರಿಯಾಗಿ ನಿಲ್ಲಿಸಿ ಕಳುಹಿಸುವುದೇ ವಿವೇಕ.