ಬೆನ್ನು ತೆರೆಯದ ಯಂತ್ರ

ಹೊಸ ಮೊಬೈಲೊಂದು ಮಾರುಕಟ್ಟೆಗೆ ಬಂದಿತೆಂದರೆ ಅದರ ಗುಣಲಕ್ಷಣಗಳ ಪಟ್ಟಿಯನ್ನು, ಪಂಚಾಂಗದಲ್ಲಿ ತಿಥಿವಾರನಕ್ಷತ್ರಗಳನ್ನು ನೋಡುವವರ ಶ್ರದ್ಧೆಯಿಂದ, ಸಾಲುಸಾಲಾಗಿ ಓದುವ ಚಾಪಲ್ಯ ನನಗುಂಟು. ಕೊಳ್ಳುವ ಸಂಕಲ್ಪವಾಗಲಿ ಅದಕ್ಕೆ ಬೇಕಾದ ದ್ರವ್ಯವಾಗಲಿ ಇಲ್ಲದಿದ್ದಾಗಲೂ ಈ ಪಾರಾಯಣಕ್ಕೆ ಚ್ಯುತಿ ಬಂದುದಿಲ್ಲ. ಈಚೆಗೆ ಆ ಪಟ್ಟಿಯ ಶಿರೋಭಾಗವನ್ನೆಲ್ಲ ಆಕ್ರಮಿಸಿಕೊಂಡಿರುವುದು ಕೃತಕ ಬುದ್ಧಿಮತ್ತೆ. ಫೋಟೋದಲ್ಲಿ ನಮ್ಮ ಹಿಂದೆ ನಿಂತವನನ್ನು ಅಳಿಸಿಹಾಕುವುದು, ಬಂದ ಪತ್ರಕ್ಕೆ ತಾನೇ ಉತ್ತರ ಬರೆದುಕೊಡುವುದು, ಇವೆಲ್ಲ ಚಮತ್ಕಾರಗಳೇ ಸರಿ. ಹಿಂದೆ ನಿಂತಾತ ಷಡ್ಡಕನಾಗಿದ್ದ ಪಕ್ಷದಲ್ಲಿ ಪರಮೋಪಕಾರವೂ ಅಹುದು. ಆದರೆ ಈ ಎರಡು ಮೂರು ವರ್ಷಗಳಲ್ಲಿ ನಿಜವಾದ ಪ್ರಗತಿ ನಡೆದಿರುವುದು ಪಟ್ಟಿಯ ಕೆಳಭಾಗದಲ್ಲಿ, ಬ್ಯಾಟರಿಗೆ ಸಂಬಂಧಪಟ್ಟ ಒಂದೇ ಒಂದು ಸಾಲಿನಲ್ಲಿ ಎಂಬುದು ನನ್ನ ಅಭಿಮತ.

ಲಿಥಿಯಂ ಅಯಾನು ಬ್ಯಾಟರಿಯು ಜಪಾನಿನ ಸೋನಿ ಸಂಸ್ಥೆಯಿಂದ ಮೊದಲಿಗೆ ಮಾರಾಟಕ್ಕೆ ಬಂದುದು 1991ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ಸಂದುದು 2019ರಲ್ಲಿ, ಗುಡ್‌ಇನಫ್ ಅವರಿಗೆ 97 ವರ್ಷ ತುಂಬಿದ್ದಾಗ. ಬಹುಕಾಲದಿಂದ ಅದರ ಋಣಾಗ್ರದಲ್ಲಿ ಲಿಥಿಯಮ್ಮಿಗೆ ಆಶ್ರಯವಿತ್ತುದು ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್. ಅದರಲ್ಲಿ ಒಂದು ಲಿಥಿಯಂ ಅಯಾನಿಗೆ ಎಡೆ ಮಾಡಿಕೊಡಲು ಇಂಗಾಲದ ಆರು ಪರಮಾಣುಗಳು ಬೇಕು. ಆದುದರಿಂದ ಒಂದು ಗ್ರಾಂ ಗ್ರಾಫೈಟಿನಲ್ಲಿ 372 ಮಿಲಿಆಂಪಿಯರ್ ಗಂಟೆಗಿಂತ ಹೆಚ್ಚು ವಿದ್ಯುತ್ತನ್ನು ಸಂಗ್ರಹಿಸುವುದು ತಾತ್ತ್ವಿಕವಾಗಿಯೇ ಅಸಾಧ್ಯ. ಸಿಲಿಕಾನಿನ ಔದಾರ್ಯ ಇದರ ಸುಮಾರು ಹತ್ತು ಪಟ್ಟು. ಈ ಸಂಗತಿ ವಿಜ್ಞಾನಿಗಳಿಗೆ ಎಂದೋ ಗೊತ್ತಿದ್ದಿತಾದರೂ, ಲಿಥಿಯಮ್ಮನ್ನು ಒಳಗೊಂಡೊಡನೆ ಸಿಲಿಕಾನು ಮೂರು ನಾಲ್ಕು ಪಟ್ಟು ಉಬ್ಬಿ, ಅದನ್ನು ಬಿಟ್ಟೊಡನೆ ಕುಗ್ಗಿ, ಹೀಗೆ ಕೆಲವು ಬಾರಿ ಆಗುವಷ್ಟರಲ್ಲಿಯೇ ಬಿರುಕುಬಿಟ್ಟು ಪುಡಿಯಾಗುತ್ತಿದ್ದುದರಿಂದ ಅದನ್ನು ಬಳಕೆಗೆ ತರುವ ಉಪಾಯ ಮಾತ್ರ ತೋಚಿರಲಿಲ್ಲ. ಸೂಕ್ಷ್ಮ ರಂಧ್ರಗಳುಳ್ಳ ಇಂಗಾಲದೊಳಗೆ ಸಿಲಿಕಾನಿನ ಅತಿಸಣ್ಣ ಕಣಗಳನ್ನು ನೆಲೆಗೊಳಿಸಿ, ಉಬ್ಬುವುದಕ್ಕೆ ಬೇಕಾದ ಅವಕಾಶವನ್ನು ಮೊದಲೇ ಒಳಗೆ ಬಿಟ್ಟಿರುವುದು ಈಗಿನ ಉಪಾಯ. 2023ರಲ್ಲಿ ಚೀನದ ಹಾನರ್ ಸಂಸ್ಥೆ ಇಂತಹ ಬ್ಯಾಟರಿಯುಳ್ಳ ಮೊಬೈಲನ್ನು ಹೊರತಂದಿತು. 2025ರ ವೇಳೆಗೆ 7,000 ಮಿಲಿಆಂಪಿಯರ್ ಗಂಟೆಯ ಮೊಬೈಲುಗಳು, ಮೊದಲಿಗಿಂತ ದಪ್ಪವಾಗದೆ, ನಮ್ಮ ಅಂಗಡಿಗಳಲ್ಲಿಯೇ ದೊರೆಯುವಂತಾದುವು. ಇಂತಹುದನ್ನು ಕಂಡು ಹಿಗ್ಗದವನನ್ನು ಯಂತ್ರಪ್ರೇಮಿಯೆಂದು ನಾನು ಒಪ್ಪಲಾರೆ.

ಇಷ್ಟು ಹಿಗ್ಗಿದ ಬಳಿಕ ಕೇಳಬೇಕಾದ ಪ್ರಶ್ನೆಯೊಂದುಂಟು. ಎಂತಹ ಬ್ಯಾಟರಿಯಾದರೂ ಸವೆಯತಕ್ಕ ವಸ್ತು. ಮೊಬೈಲಿನ ಉಳಿದ ಅಂಗಾಂಗಗಳೆಲ್ಲ ಆರೇಳು ವರ್ಷ ದೃಢವಾಗಿರಬಲ್ಲವಾದರೂ ಇದು ಮೂರನೆಯ ವರ್ಷಕ್ಕೇ ಏದುಸಿರು ಬಿಡತೊಡಗುತ್ತದೆ. ಸವೆಯತಕ್ಕುದೆಂದು ಎಲ್ಲರಿಗಿಂತ ಮೊದಲು ಬಲ್ಲ ತಯಾರಕನೇ ಅದನ್ನು ಅಂಟು ಹಾಕಿ, ಮೇಲೆ ಗಾಜು ಮುಚ್ಚಿ, ಒಡೆಯನ ಕೈಗೆ ನಿಲುಕದಂತೆ ಇರಿಸುವುದೇಕೆ?

ಹಿಂದೆ ಹೀಗಿರಲಿಲ್ಲ. 2003ರಲ್ಲಿ ಬಂದ ನೋಕಿಯಾ 1100ರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಸರಿಸಿದರೆ ಮುಚ್ಚಳ ಕಳಚುತ್ತಿತ್ತು. ಒಳಗೆ ಬಿಎಲ್-5ಸಿ ಎಂಬ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಬ್ಯಾಟರಿ. 2007ರ ಆಗಸ್ಟಿನಲ್ಲಿ ಅವುಗಳ ಪೈಕಿ ಒಂದು ಅವಧಿಯಲ್ಲಿ ತಯಾರಾದ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜು ಮಾಡುವಾಗ ಅತಿಯಾಗಿ ಬಿಸಿಯಾಗುವ ಸಂಭವವಿದೆಯೆಂದು ನೋಕಿಯಾ ಪ್ರಕಟಿಸಿದಾಗ, ಗ್ರಾಹಕನು ಮಾಡಬೇಕಾಗಿದ್ದುದಿಷ್ಟೇ: ಮುಚ್ಚಳ ತೆಗೆದು, ಬ್ಯಾಟರಿಯ ಹಿಂಭಾಗದ ಸಂಖ್ಯೆಯನ್ನು ಓದಿ, ಅದು ದೋಷಯುಕ್ತವಾಗಿದ್ದರೆ ಬೇರೆಯದನ್ನು ಪಡೆಯುವುದು. ಇದೇ ಅವಘಡ ಇಂದು ಒದಗಿದರೆ ಅಷ್ಟು ಮೊಬೈಲುಗಳನ್ನೂ ಹೊತ್ತುಕೊಂಡು ಕಾರ್ಖಾನೆಯವನ ಬಾಗಿಲಿಗೆ ಹೋಗಬೇಕಾದೀತು. ಆ ಬಿಎಲ್-5ಸಿಯಾದರೋ ಇಂದಿಗೂ ಗತಿಸಿಲ್ಲ. ಬೆಳಗಿನ ಜಾವ ಸುಪ್ರಭಾತ ಹಾಡುವ ಅಗ್ಗದ ಸ್ಪೀಕರುಗಳಲ್ಲಿಯೂ ಪುಟ್ಟ ರೇಡಿಯೋಗಳಲ್ಲಿಯೂ ಅದೇ ಅಳತೆಯ ಬ್ಯಾಟರಿ ಈಗಲೂ ಸೇವೆಯಲ್ಲಿದೆ.

ಈಗಿನ ಮೊಬೈಲಿನ ಬೆನ್ನು ಬಿಡಿಸುವ ವಿಧಿಯನ್ನು ನೋಡಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನ ಯಾವುದಾದರೊಂದು ರಿಪೇರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಹುಡುಗನೊಬ್ಬ ಬಿಸಿಗಾಳಿಯಿಂದ ಗಾಜನ್ನು ಕಾಯಿಸಿ, ಅಂಟು ಮೆತ್ತಗಾದ ಗಳಿಗೆಯನ್ನು ಬೆರಳ ತುದಿಯಿಂದಲೇ ಅರಿತು, ಪ್ಲಾಸ್ಟಿಕ್ಕಿನ ತೆಳು ಬಿಲ್ಲೆಯೊಂದನ್ನು ಅಂಚಿಗೆ ತೂರಿಸಿ ಸುತ್ತಲೂ ಎಳೆಯುತ್ತಾನೆ. ಬಳಿಕ ಬ್ಯಾಟರಿಯ ಅಡಿಗೆ ಆಲ್ಕೊಹಾಲಿನ ಕೆಲವು ಹನಿ ಬಿಟ್ಟು, ಅದು ಬಾಗದಂತೆ, ಚುಚ್ಚಿಹೋಗದಂತೆ, ಉಸಿರು ಬಿಗಿಹಿಡಿದು ಮೇಲೆತ್ತುತ್ತಾನೆ. ಕೆಲಸ ಆರಂಭಿಸುವ ಮುನ್ನ ಆತ ಹೇಳುವ ಮಂಗಳಶ್ಲೋಕ ಒಂದೇ: ‘ಬ್ಯಾಕ್ ಗ್ಲಾಸ್ ಒಡೆದ್ರೆ ನಮ್ಮ ಜವಾಬ್ದಾರಿ ಇಲ್ಲ ಸಾರ್.’ ಆ ಕೈಚಳಕಕ್ಕೆ ನನ್ನ ನಮಸ್ಕಾರ ಸಲ್ಲುತ್ತದೆ. ಆದರೆ ಬ್ಯಾಟರಿ ಬದಲಿಸುವಂತಹ ಸಾಮಾನ್ಯ ಕಾರ್ಯಕ್ಕೆ ಶಸ್ತ್ರಚಿಕಿತ್ಸೆಯ ನೈಪುಣ್ಯವನ್ನು ಅವಶ್ಯವಾಗಿಸಿದ ವಿನ್ಯಾಸಕಾರನಿಗೆ ಸಲ್ಲದು.

ನೀರು ಒಳಹೊಗದಿರಲು, ಮೈ ತೆಳುವಾಗಿರಲು ಹೀಗೆ ಮಾಡಲೇಬೇಕಾಯಿತೆಂಬುದು ತಯಾರಕರ ಸಮಾಧಾನ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಪೂರ್ಣ ಸತ್ಯವೂ ಅಲ್ಲ. ಮನಸ್ಸು ಮಾಡಿದರೆ ಮಾರ್ಗವುಂಟೆಂಬುದನ್ನು 2024ರ ಐಫೋನ್ 16ರಲ್ಲಿ ಆ್ಯಪಲ್ ಸಂಸ್ಥೆಯೇ ತೋರಿಸಿತು: 9 ವೋಲ್ಟಿನ ಸಾಮಾನ್ಯ ಬ್ಯಾಟರಿಯಿಂದ ಒಂದೂವರೆ ನಿಮಿಷ ವಿದ್ಯುತ್ತು ಹರಿಸಿದರೆ ತಾನಾಗಿ ಹಿಡಿತ ಸಡಿಲಿಸುವ ಅಂಟು ಅದು. ಐರೋಪ್ಯ ಒಕ್ಕೂಟದವರು ತಯಾರಕನ ಮನಸ್ಸಿಗಾಗಿ ಕಾದು ಕುಳಿತಿಲ್ಲ. 2025ರ ಜೂನ್ 20ರಿಂದ ಅಲ್ಲಿ ಜಾರಿಗೆ ಬಂದ ನಿಯಮದಂತೆ ಬ್ಯಾಟರಿಯನ್ನು ಬಳಸುವವನೇ ಬದಲಿಸುವಂತಿರಬೇಕು. ಇಲ್ಲವೆ, 1,000 ಬಾರಿ ಪೂರ್ಣವಾಗಿ ತುಂಬಿ ಬರಿದಾದ ಮೇಲೂ ಅದರಲ್ಲಿ ಮೂಲಶಕ್ತಿಯ ಶೇಕಡಾ 80 ಉಳಿದಿರಬೇಕು, ಜೊತೆಗೆ ಮೊಬೈಲು ನೀರಿನಲ್ಲಿ ಮುಳುಗಿದರೂ ತಾಳಿಕೊಳ್ಳಬೇಕು. ಮುಖ್ಯವಾದ ಬಿಡಿಭಾಗಗಳು, ಆ ಮಾದರಿಯ ಮಾರಾಟ ನಿಂತ ಮೇಲೂ, ಏಳು ವರ್ಷ ದೊರೆಯುತ್ತಿರಬೇಕು.

ನಮ್ಮಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದು, ತಯಾರಕರು ದುರಸ್ತಿಯ ವಿವರಗಳನ್ನು ಅಲ್ಲಿ ಒದಗಿಸುವ ಏರ್ಪಾಡು ಮಾಡಿತು. ಆರಂಭವೇನೋ ಶುಭವಾದದ್ದೇ, ಆದರೆ ವಿವರ ಕೊಡಿರೆಂದು ಕೇಳುವುದು ಬೇರೆ, ತೆರೆಯುವಂತೆ ತಯಾರಿಸಿರೆಂದು ವಿಧಿಸುವುದು ಬೇರೆ. ಐರೋಪ್ಯರಿಗೆಂದು ತಯಾರಾಗುವ ಮೊಬೈಲಿಗೆ ಸಾಧ್ಯವಾದುದು ಇಲ್ಲಿ ಮಾರುವ ಮೊಬೈಲಿಗೆ ಅಸಾಧ್ಯವಾಗಲಾರದು. ಅದೇ ಮಾತುಗಳಲ್ಲಿ, ಅದೇ ಅಂಕಿಗಳೊಡನೆ, ನಮ್ಮಲ್ಲಿಯೂ ಒಂದು ನಿಯಮ ಬರಬೇಕು. ಅದು ಬರುವವರೆಗೆ, ಹಬ್ಬದ ರಿಯಾಯಿತಿಯಲ್ಲಿ ಹೊಸ ಮೊಬೈಲು ಕೊಳ್ಳಹೊರಟ ವಾಚಕ ಮಹಾಶಯರು ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವುದಕ್ಕೆ ಮೊದಲು ಅಂಗಡಿಯವನನ್ನು ಇಷ್ಟು ಕೇಳಿ: ಮೂರು ವರ್ಷದ ಮೇಲೆ ಇದರ ಬ್ಯಾಟರಿ ಸಿಗುತ್ತದೆಯೇ, ಬದಲಿಸಲು ಎಷ್ಟಾಗುತ್ತದೆ, ಬದಲಿಸಿಕೊಡುವವರು ಈ ಊರಿನಲ್ಲಿ ಯಾರಿದ್ದಾರೆ? ಉತ್ತರ ಹೇಳಲು ಆತ ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.